ಇಪ್ಪತ್ತಾರನೆಯ ಊರು

ಮೂರು ತಿಂಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ಚಾಮರಾಜನಗರದಲ್ಲಿ ನಮ್ಮೂರಾದ ಹರದನಹಳ್ಳಿಗೆ ಹೋಗುವ ಬಸ್ಸು ಹತ್ತಿದೆ. ಒಂದೇ ಒಂದು ಸೀಟು ಖಾಲಿ ಇತ್ತು. ಕೂರಲು ಹೋದೆ. ಪಕ್ಕದಲ್ಲಿದ್ದ ನಮ್ಮೂರ ಹೆಂಗಸು ತಮ್ಮ ಸೊಪ್ಪಿನ ಚೀಲವನ್ನು ತಟ್ಟನೆ ಅದರ ಮೇಲಿಟ್ಟರು.

"ಇವ್ನೇ ಕಣಮ್ಮಿ," ಎಂದು ಹಿಂದೆ ಕುಳಿತಿದ್ದ ಹುಡುಗಿಗೆ ಹೇಳಿದರು. "ನಮ್ಮೂರ್ನ ಕಂಪ್ಯೂಟ್ರಿಂದ ತೆಗ್ದಾಕ್ಬುಟ್ಟವ್ನು."

"ಒಂದು ಊರ್ನ ಹೆಂಗೆ ತೆಗ್ದಾಕದು ಅತ್ತೆ?"

"ಓದ್ಕೊಂಡವ್ನಲ್ವಾ, ಅದ್ಕೇ ಆಯ್ತು."

ಸೊಪ್ಪು ಕುಳಿತುಕೊಂಡು ಬಂದಿತು. ನಾನು ನಿಂತುಕೊಂಡು ಬಂದೆ.

ಆದ್ದರಿಂದ ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ವಾರದ ಅಂಕಣವನ್ನು ಸದರಿ ಆರೋಪಕ್ಕೆ ನನ್ನ ಲಿಖಿತ ವಿವರಣೆ ಎಂದು ಪರಿಗಣಿಸಬೇಕು. (ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. "ಮಾತಾಡಿದ ಹಾಗೇ ಬರೆಯಿರಿ, ಹೆದರಬೇಡಿ" ಎಂದು ಸಂಪಾದಕರು ಧೈರ್ಯ ಹೇಳಿದ್ದಾರೆ. ಎಂಟು ವರ್ಷ ಆಫೀಸಿನಲ್ಲಿ ಪತ್ರ ಬರೆದವನು ಮಾತಾಡುವುದೂ ಹೀಗೆಯೇ ಎಂಬುದನ್ನು ಅವರ ಗಮನಕ್ಕೆ ತರಲು ನನಗೆ ಧೈರ್ಯ ಬರಲಿಲ್ಲ.)

ನಾನು ಗುಂಡ್ಲುಪೇಟೆಯ ಒಂದು ಸೇವಾ ಸಂಸ್ಥೆಯಲ್ಲಿ ಗುಮಾಸ್ತ. ನಮ್ಮ ಸಂಸ್ಥೆಯು ಚಾಮರಾಜನಗರ ಹಾಗೂ ಗುಂಡ್ಲುಪೇಟೆ ತಾಲ್ಲೂಕುಗಳ ಮಹಿಳಾ ಸಂಘಗಳಿಗೆ ವರ್ಷಕ್ಕೊಮ್ಮೆ ಹಗ್ಗಜಗ್ಗಾಟದ ಪಂದ್ಯ ಏರ್ಪಡಿಸುತ್ತದೆ. ಮೊದಲ ಬಹುಮಾನ ಕಪ್ಪಲ್ಲ, ಹಾರವಲ್ಲ. ಒಂದು ತಾಮ್ರದ ಕೊಪ್ಪರಿಗೆ. ನೂರು ಜನಕ್ಕೆ ಒಂದೇ ಸಲ ಅನ್ನ ಬೇಯುವಂಥದ್ದು. ಅದರ ಹೊಟ್ಟೆಯ ಮೇಲೆ ಗೆದ್ದ ಊರಿನ ಹೆಸರನ್ನು ಮೈದಾನದಲ್ಲಿಯೇ ಕೊರೆಸಿ ಕೊಡಲಾಗುವುದು.

ಹೆಸರು ಕೊರೆಸುವುದು ಎಂದರೆ ನಮ್ಮ ಕಡೆ ಸಣ್ಣ ವಿಷಯವೆಂದು ತಿಳಿಯಬಾರದು. ಹೆಸರಿಲ್ಲದ ಪಾತ್ರೆ ನಮ್ಮಲ್ಲಿ ಯಾರ ಮನೆಯಲ್ಲಿದೆ? ಲೋಟದ ಮೇಲೆ ಹೆಸರು, ತಟ್ಟೆಯ ಮೇಲೆ ಹೆಸರು, ಸೌಟಿನ ಹಿಡಿಯ ಮೇಲೂ ಹೆಸರು. ಮದುವೆ ಮನೆಯಲ್ಲಿ ಇಪ್ಪತ್ತು ಮನೆಗಳ ಪಾತ್ರೆಗಳು ಒಂದೆಡೆ ಸೇರುತ್ತವೆ. ಮಾರನೆಯ ದಿನ ಹೆಸರು ಓದಿಕೊಂಡು ತಂತಮ್ಮ ಮನೆಗೆ ಮರಳುತ್ತವೆ. ಪಾತ್ರೆ ಯಾರ ಮನೆಯಲ್ಲಿದೆ ಎಂಬುದು ಮುಖ್ಯವಲ್ಲ. ಮೇಲೆ ಯಾರ ಹೆಸರಿದೆ? ಅವರದು. ಇದಕ್ಕೆ ಮೇಲ್ಮನವಿ ಇಲ್ಲ.

ನನ್ನ ತಾಯಿಯವರಾದ ಶ್ರೀಮತಿ ಚಿಕ್ಕತಾಯಮ್ಮನವರು (ಇನ್ನು ಮುಂದೆ ‘ಅವ್ವ’ ಎಂದು ಉಲ್ಲೇಖಿಸಲಾಗುವುದು) ನಮ್ಮೂರ ಮಹಿಳಾ ಸಂಘದ ಅಧ್ಯಕ್ಷರು. ಅವರ ಸಂಘಕ್ಕೆ ಸ್ವಂತದ ಕೊಪ್ಪರಿಗೆ ಇರಲಿಲ್ಲ. ಪಕ್ಕದೂರಿನಿಂದ ಎರವಲು ತರುತ್ತಿದ್ದರು. ನನ್ನ ತಂಗಿಯ ಮದುವೆಯ ದಿನ, ಎರಡನೆಯ ಪಂಕ್ತಿ ಇನ್ನೂ ಉಣ್ಣುತ್ತಿರುವಾಗಲೇ ಆ ಊರಿನ ಪಾತ್ರೆ ಉಸ್ತುವಾರಿಯವರು ಬಂದು ನಿಂತರು. "ಅನ್ನ ಬುಟ್ಟಿಗೆ ಬಗ್ಗಿಸ್ಕಳಿ ಕಣವ್ವಾ, ಕೊಪ್ರಿಗೆ ಬೇಕು," ಎಂದರು. ಬೀಗರು ಕೈ ಹಾಗೇ ಹಿಡಿದುಕೊಂಡು ನೋಡಿದರು.

ಮಾರನೆಯ ದಿನ ಅವ್ವ ಏಳು ಜನ ಹೆಂಗಸರನ್ನು ಕರೆದು, ಬಾವಿಯ ಹಗ್ಗ ತೆಗೆದು, ಹುಣಸೆ ಮರಕ್ಕೆ ಕಟ್ಟಿ ಎಳೆಯುವ ಅಭ್ಯಾಸ ಆರಂಭಿಸಿದರು. ಎರಡು ವರ್ಷ ಎಳೆದರು. ಮರ ಬರಲಿಲ್ಲ. ಆದರೆ ತೋಳು ಬಂದವು. ಈ ವರ್ಷ ಪಂದ್ಯಕ್ಕೆ ಸೇರುವುದೆಂದು ನಿಶ್ಚಯಿಸಿದರು.

ಇನ್ನು ನನ್ನ ಪಾತ್ರದ ವಿಷಯ.

ಹಿಂದಿನ ವರ್ಷ ಕೈಬರಹದ ಅರ್ಜಿ ಓದಲಾಗದೆ, ಗೆದ್ದ ಊರಿನ ಕೊಪ್ಪರಿಗೆಯ ಮೇಲೆ ಬೇರೊಂದು ಊರಿನ ಹೆಸರು ಕೊರೆದುಹೋಗಿ ದೊಡ್ಡ ರಂಪವಾಗಿತ್ತು. ಅಂಥದ್ದು ಮರುಕಳಿಸಬಾರದೆಂದು ನಮ್ಮ ವ್ಯವಸ್ಥಾಪಕರಾದ ಶಿವಬಸಪ್ಪನವರು ಆದೇಶ ಹೊರಡಿಸಿದರು. ಇನ್ನು ಮುಂದೆ ಅರ್ಜಿ ಕಂಪ್ಯೂಟರ್‌ನಲ್ಲಿಯೇ ತುಂಬತಕ್ಕದ್ದು. ಊರಿನ ಹೆಸರನ್ನು ಯಾರೂ ಬರೆಯತಕ್ಕದ್ದಲ್ಲ. ಪಟ್ಟಿಯಿಂದ ಆರಿಸತಕ್ಕದ್ದು.

ನಾನು ಮೂರು ದಿನ ಕುಳಿತು ಅರ್ಜಿ ತಯಾರಿಸಿದೆ. ಅದರ ಅಂದವನ್ನು ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ. ಬೂದು ಬಣ್ಣದ ಸಣ್ಣ ಸಣ್ಣ ಪೆಟ್ಟಿಗೆಗಳು. ಟ್ಯಾಬ್ ಕೀ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಶಿಸ್ತಾಗಿ ಹೋಗುತ್ತದೆ. ಸಂಘದ ಹೆಸರಿಗೊಂದು, ನಾಯಕಿಯ ಹೆಸರಿಗೊಂದು. ‘ಊರು’ ಎಂಬಲ್ಲಿ ಬಾಣದ ಗುರುತು ಒತ್ತಿದರೆ ಸಾಕು, ಊರುಗಳೆಲ್ಲ ಸಾಲಾಗಿ ಕೆಳಗಿಳಿದು ನಿಲ್ಲುತ್ತವೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ‘ಕೈಬರಹದ ತಿದ್ದುಪಡಿಗಳನ್ನು ತಿರಸ್ಕರಿಸಲಾಗುವುದು.’

ಒಟ್ಟು ಇಪ್ಪತ್ತೇಳು ಊರುಗಳು. ಯಾರಿಗೂ ಪಕ್ಷಪಾತವಾಗಬಾರದೆಂದು ಅಕ್ಷರಾನುಕ್ರಮದಲ್ಲಿ ಸೇರಿಸುತ್ತ ಬಂದೆ. ಅರಕಲವಾಡಿ ಸೇರಿತು. ಕಬ್ಬಹಳ್ಳಿ ಸೇರಿತು. ತೆರಕಣಾಂಬಿ, ಬೇಗೂರು, ಭೀಮನಬೀಡು ಸೇರಿದವು. ಇಪ್ಪತ್ತೈದನೆಯದಾಗಿ ಸಂತೆಮರಹಳ್ಳಿ ಸೇರಿತು. ಇಪ್ಪತ್ತಾರನೆಯದನ್ನು ಸೇರಿಸಲು ಹೋದರೆ ಗುಂಡಿ ಮಂಕಾಗಿ ಕುಳಿತಿತು. ಒತ್ತಿದೆ. ಮತ್ತೆ ಒತ್ತಿದೆ. ಆ ಪಟ್ಟಿಯಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಂತೆ. ಇದನ್ನು ಮಾಡಿದವರಿಗೆ ನಮ್ಮ ಎರಡು ತಾಲ್ಲೂಕಿನ ಪರಿಚಯವಿರಲಿಲ್ಲ.

ಉಳಿದವು ಹಕಾರದ ಎರಡು ಊರುಗಳು. ಹರದನಹಳ್ಳಿ, ಹರವೆ.

ವ್ಯವಸ್ಥಾಪಕರ ಮುಂದೆ ವಿಷಯ ಮಂಡಿಸಿದೆ. "ಸರ್, ಎರಡು ಊರು ಹಿಡೀತಿಲ್ಲ."

"ಸ್ವಲ್ಪ ಒತ್ತರಿಸಿ ಕೂರ್ಸ್ರಿ."

"ಬಸ್ಸಲ್ಲ ಸರ್ ಇದು."

"ಅಕ್ಷರ ಸಣ್ಣದು ಮಾಡಿ ನೋಡಿ."

ಮಾಡಿದೆ. ಇಪ್ಪತ್ತೈದು ಊರುಗಳೂ ಸಣ್ಣವಾದವು. ಇಪ್ಪತ್ತಾರನೆಯದು ಬರಲಿಲ್ಲ.

"ಹಂಗಾದ್ರೆ ಇರೋದ್ರಲ್ಲಿ ಎರಡು ತೆಗೀರಿ," ಎಂದರು. ಮೇಲಿನಿಂದ ಓದುತ್ತ ಬಂದೆ. ಅರಕಲವಾಡಿ? ಅವರ ಬೀಗರೂರು. ಕಬ್ಬಹಳ್ಳಿ? ಅವರ ಮನೆಗೆ ಹುರುಳಿ ಬರುವುದು ಅಲ್ಲಿಂದ. ತೆರಕಣಾಂಬಿ? "ಅದನ್ನ ತೆಗುದ್ರೆ ಚಾಮರಾಜನಗರದ ಬಸ್ಸು ಹೆಂಗ್ರೀ ಹೋಗ್ತದೆ?" ಎಂದು ರೇಗಿದರು.

"‘ಇತರೆ’ ಅಂತ ಒಂದು ಹಾಕಬಹುದು ಸರ್."

"ಇತರೆಗೂ ಒಂದು ಜಾಗ ಬೇಕಲ್ಲ? ಅದಕ್ಕೆ ಇನ್ನೊಂದೂರು ತೆಗೀಬೇಕು. ಗೆದ್ದರೆ ಕೊಪ್ಪರಿಗೆ ಮೇಲೆ ‘ಇತರೆ’ ಅಂತ ಕೊರೆಸ್ತೀರಾ? ಆ ಎರಡೂರು ಹೋದ ವರ್ಷ ಬಂದಿದ್ವಾ?"

"ಇಲ್ಲ ಸರ್."

"ಈ ವರ್ಷಾನೂ ಬರಲ್ಲ, ಬಿಡಿ."

ಬರುತ್ತಾರೆ, ಬರುವವರು ನನ್ನ ತಾಯಿಯವರೇ ಎಂದು ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ. ಸ್ವಂತ ಊರಿನ ಪರವಾಗಿ ಮಾತಾಡಿದರೆ ಸ್ವಜನಪಕ್ಷಪಾತವಾಗುವುದಿಲ್ಲವೇ ಎಂಬ ಭಯ. (ಪಕ್ಕದಲ್ಲೇ ಇನ್ನೊಂದು ಪಟ್ಟಿ ಇಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನನಗೂ ಹೊಳೆಯಿತು. ಪಂದ್ಯ ಮುಗಿದ ನಾಲ್ಕನೆಯ ದಿನ.)

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅರ್ಜಿಯನ್ನು ಯಾರೂ ತಿದ್ದಬಾರದೆಂದು ವ್ಯವಸ್ಥಾಪಕರು ಅದಕ್ಕೆ ಬೀಗ ಹಾಕಿಸಿದರು. ಪಾಸ್‌ವರ್ಡ್ ಅವರೇ ಒತ್ತುವುದಾಗಿ ಹೇಳಿ, ನನ್ನನ್ನು ಗೋಡೆಯ ಕಡೆ ತಿರುಗಿ ನಿಲ್ಲುವಂತೆ ಸೂಚಿಸಿದರು. ನಿಂತೆ. ಆಗ ಕೀಲಿಮಣೆಯು ಕನ್ನಡದಲ್ಲಿತ್ತು. ಅವರು ಒತ್ತಿದ್ದು ಇಂಗ್ಲಿಷ್ ಪದ. ಪರದೆಯ ಮೇಲೆ ಕಂಡದ್ದು ಬರೀ ಚುಕ್ಕೆ. ಮಾರನೆಯ ದಿನದಿಂದ ಅವರಿಗಾಗಲಿ, ನನಗಾಗಲಿ, ಆ ಅರ್ಜಿಯ ಬೀಗ ತೆರೆದುಕೊಳ್ಳಲಿಲ್ಲ. ತುಂಬಬಹುದು, ತಿದ್ದುವಂತಿಲ್ಲ.

"ಒಳ್ಳೇದೇ ಆಯ್ತು. ಇನ್ನು ಯಾರೂ ಮುಟ್ಟೋಕಾಗಲ್ಲ," ಎಂದರು ಶಿವಬಸಪ್ಪನವರು.

ಹೆಸರು ನೋಂದಾಯಿಸುವ ದಿನ ಚಾಮರಾಜನಗರದ ಮೈದಾನದ ಪಕ್ಕದ ಕೊಠಡಿಯಲ್ಲಿ ಕಂಪ್ಯೂಟರ್ ಸಹಿತ ಕುಳಿತಿದ್ದೆ. ಹನ್ನೊಂದು ಗಂಟೆಗೆ ಅವ್ವ ಬಂದರು. ಜೊತೆಗೆ ನಮ್ಮ ಪಕ್ಕದ ಮನೆಯ ಸಿದ್ದಮ್ಮ ಮತ್ತು ಇತರರು. ಎಲ್ಲರದೂ ಒಂದೇ ಬಣ್ಣದ ಸೀರೆ.

"ನಾಯಕಿಯ ಹೆಸರು?" ಎಂದು ಕೇಳಿದೆ.

"ನಿಂಗೊತ್ತಿಲ್ವೇನ್ಲಾ?" ಎಂದರು ಅವ್ವ.

"ಕೇಳ್ಬೇಕು ಅಂತ ನಿಯಮ ಅವ್ವ."

"ಹೆತ್ತವ್ವನ್ನೇ ಯಾರು ಅಂತ ಕೇಳ್ತನಲ್ಲ ಇವ್ನು," ಎಂದು ಸಿದ್ದಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಅದೇ ಆ ದಿನದ ಕೊನೆಯ ನಗು.

‘ಊರು’ ಎಂಬಲ್ಲಿ ಬಾಣ ಒತ್ತಿದೆ. ಪಟ್ಟಿ ಇಳಿಯಿತು. ಅವ್ವ ಸಾಕ್ಷರತಾ ತರಗತಿಯಲ್ಲಿ ಓದು ಕಲಿತವರು. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಊರನ್ನು ಜೋರಾಗಿ ಓದುತ್ತ ಬಂದರು. ಕೊನೆಗೆ "ಸಂತೆಮರಳ್ಳಿ..." ಎಂದು ನಿಲ್ಲಿಸಿದರು. "ಇನ್ನೂ ವಸಿ ಕೆಳೀಕೆ ಎಳಿ ಮಗಾ."

"ಇಷ್ಟೇ ಅವ್ವ."

"ನಮ್ಮೂರು ಎಲ್ಲದ?"

ನಾನು ಮೌಸನ್ನು ಒರೆಸುತ್ತ ಕುಳಿತೆ.

"ಯಾರ್ಲಾ ಇದ ಮಾಡ್ದವ್ರು?"

"ನಾನೇ."

ಸಿದ್ದಮ್ಮ ಮುಂದೆ ಬಗ್ಗಿ ಪಟ್ಟಿಯನ್ನು ತಾವೂ ಒಮ್ಮೆ ನೋಡಿದರು. "ಹರವೇನೂ ಇಲ್ವಲ್ಲ ಮಾದೇಸ! ನಾನು ಹುಟ್ಟಿದ್ದು ಹರವೆ, ಬಂದು ಸೇರ್ಕೊಂಡಿದ್ದು ಹರದನಳ್ಳಿ. ನಿನ್ ಕಂಪ್ಯೂಟ್ರು ಪ್ರಕಾರ ನಾನು ಹುಟ್ಟೂ ಇಲ್ಲ, ಲಗ್ನಾನೂ ಆಗಿಲ್ಲ. ಹಂಗಾದ್ರೆ ಮನೇಲಿರೋ ನಾಕ್ ಮಕ್ಳು ಯಾರ್ವುಲಾ?"

ಈ ಪ್ರಶ್ನೆಗೆ ನನ್ನ ಅರ್ಜಿಯಲ್ಲಿ ಪೆಟ್ಟಿಗೆ ಇರಲಿಲ್ಲ.

ಗಲಾಟೆ ಕೇಳಿ ವ್ಯವಸ್ಥಾಪಕರು ಬಂದರು. "ಅಮ್ಮ, ಪಟ್ಟೀಲಿರೋ ಯಾವ್ದಾದ್ರೂ ಒಂದೂರು ಹೇಳಿ. ಬರೀ ಹೆಸರಿಗೆ, ಅಷ್ಟೇ."

"ಬರೀ ಹೆಸ್ರಿಗೆ ಅಂದ್ರೆ ಹೆಂಗೆ ಸ್ವಾಮಿ? ಕೊಪ್ರಿಗೆ ಮ್ಯಾಲೆ ಬರದೂ ಹೆಸ್ರೇ ಅಲ್ವಾ?" ಎಂದರು ಅವ್ವ.

"ಮೊದ್ಲು ಗೆಲ್ಲಿ. ಆಮೇಲೆ ನೋಡೋಣ."

ಹಿಂದಕ್ಕೆ ಹೋಗಿಬಿಡೋಣವೆಂದು ಇಬ್ಬರು ಪಿಸುಗುಟ್ಟಿದರು. ಎರಡು ವರ್ಷ ಮರ ಎಳೆದದ್ದು ಹಿಂದಕ್ಕೆ ಹೋಗಲಿಕ್ಕೇ? ಕೊನೆಗೆ ಅವ್ವ ‘ಭೀಮನಬೀಡು’ ಎಂಬುದರ ಮೇಲೆ ಬೆರಳಿಟ್ಟರು. "ಇದ ಹಾಕು. ನಾನು ಹುಟ್ಟಿದೂರು. ಸುಳ್ಳೇ ಆದ್ರೂ ಅರ್ಧ ನಿಜ ಇರ್ಲಿ."

ಹಾಕಿದೆ. ಪ್ರಿಂಟ್ ಬಂದಿತು. ಬಹಳ ಅಂದವಾಗಿ ಬಂದಿತು.

ಪಂದ್ಯದ ದಿನ ಹರವೆಯಿಂದ ಯಾವ ತಂಡವೂ ಬರಲಿಲ್ಲ. ವ್ಯವಸ್ಥಾಪಕರು ನನ್ನ ಬೆನ್ನು ತಟ್ಟಿ, "ನೋಡಿದ್ರಾ ಮಾದೇಶ್? ಕಂಪ್ಯೂಟರ್‌ಗೆ ಮೊದ್ಲೇ ಗೊತ್ತಿತ್ತು," ಎಂದರು.

ಆದರೆ ಭೀಮನಬೀಡಿನಿಂದ ಭೀಮನಬೀಡಿನ ತಂಡ ಬಂದಿತು. ಬರದೆ ಇರುತ್ತದೆಯೇ? ಅದರ ನಾಯಕಿ ಪುಟ್ಟಗೌರಮ್ಮನವರು. ನನ್ನ ಸೋದರಮಾವನ ಹೆಂಡತಿ, ಅಂದರೆ ನನಗೆ ಅತ್ತೆ, ಅವ್ವನಿಗೆ ಅತ್ತಿಗೆ. ಹೀಗೆ ಪಂದ್ಯಾವಳಿಯಲ್ಲಿ ಎರಡು ಭೀಮನಬೀಡುಗಳಾದವು. ಒಂದು ಆ ಕಡೆಯಿಂದ ಎಲ್ಲರನ್ನೂ ಎಳೆದು ಹಾಕಿತು. ಇನ್ನೊಂದು ಈ ಕಡೆಯಿಂದ ಎಲ್ಲರನ್ನೂ ಎಳೆದು ಹಾಕಿತು.

ಮಧ್ಯಾಹ್ನ ಮೂರು ಗಂಟೆಗೆ ಮೈಕಿನಲ್ಲಿ ಪ್ರಕಟಣೆ ಬಂದಿತು. "ಈಗ ಅಂತಿಮ ಪಂದ್ಯ. ಭೀಮನಬೀಡು ಮತ್ತು... ಭೀಮನಬೀಡು."

ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ಎಳೆತದಲ್ಲಿ ಎರಡು ಗೆದ್ದವರಿಗೆ ಕೊಪ್ಪರಿಗೆ. "ಎಳೀರಿ ಭೀಮನಬೀಡು!" ಎಂದು ಯಾರೋ ಕೂಗಿದರು. ಎರಡೂ ಕಡೆಯವರಿಗೆ ಹುಮ್ಮಸ್ಸು ಬಂದು ಹಗ್ಗ ನಡುವೆಯೇ ನಿಂತಿತು. ಹಗ್ಗದ ಒಂದು ತುದಿಯನ್ನು ಅವ್ವ ಸೊಂಟಕ್ಕೆ ಸುತ್ತಿಕೊಂಡಿದ್ದರು. ಇನ್ನೊಂದು ತುದಿಯನ್ನು ಅತ್ತೆ.

"ಬುಡು ಅತ್ತಿಗೆ, ಸೊಂಟ ಉಳುಕೀತು," ಎಂದರು ಅವ್ವ ಹಲ್ಲು ಕಚ್ಚಿಕೊಂಡು.

"ನಿಮ್ಮಣ್ಣ ಗಟ್ಟಿಯಾಗಿ ಉಣ್ಣಿಕ್ಕವ್ನೆ, ಉಳ್ಕಕಿಲ್ಲ ಬಾ," ಎಂದರು ಅತ್ತೆ.

ಮೊದಲ ಎಳೆತ ಮುಗಿದಾಗ ಫಲಕದ ಮೇಲೆ ಬರೆದರು: ಭೀಮನಬೀಡು ಒಂದು, ಭೀಮನಬೀಡು ಸೊನ್ನೆ. ಎರಡನೆಯದು ಮುಗಿದಾಗ ಒಂದು, ಒಂದು.

ಆಗ ವ್ಯವಸ್ಥಾಪಕರಿಗೆ ಒಂದು ವಿಚಾರ ಹೊಳೆಯಿತು. ಹೆಸರು ಕೊರೆಯುವ ಆಚಾರಿಯವರು ವೇದಿಕೆಯ ಪಕ್ಕದಲ್ಲಿ ಕೊಪ್ಪರಿಗೆ ಮಗುಚಿ ಇಟ್ಟುಕೊಂಡು, ಉಳಿ ಸುತ್ತಿಗೆ ಹಿಡಿದು ಕಾಯುತ್ತಿದ್ದರು. "ಇನ್ನು ಕಾಯೋದ್ಯಾಕೆ ಆಚಾರ್ರೇ? ಯಾರು ಗೆದ್ದರೂ ಭೀಮನಬೀಡೇ. ಕೊರೆಯೋಕೆ ಶುರು ಮಾಡಿ, ಅತಿಥಿಗಳು ಹೊರಡಬೇಕು," ಎಂದರು.

ನಾನು ಓಡಿದೆ. "ಸರ್, ಸ್ವಲ್ಪ ತಡೀರಿ. ಆ ಒಂದು ತಂಡ ಹರದನಹಳ್ಳೀದು."

"ಅರ್ಜೀಲಿ ಏನಿದೆ?"

"ಭೀಮನಬೀಡು."

"ಅರ್ಜಿ ಮಾಡಿದ್ದು ಯಾರು?"

"ನಾನು ಸರ್."

"ಮತ್ತೆ?"

ಕೆಳಗಡೆ ದಪ್ಪ ಅಕ್ಷರದಲ್ಲಿ ಏನು ಬರೆದಿದೆ ಎಂಬುದನ್ನು ನನಗೆ ನಾನೇ ನೆನಪಿಸಿಕೊಳ್ಳಬೇಕಾಗಿ ಬಂತು. ಟಕ್ ಟಕ್ ಎಂದು ಸುತ್ತಿಗೆಯ ಸದ್ದು ಕೇಳಿತು. ‘ಭೀ’ ಮುಗಿಯಿತು. ‘ಮ’ ಆರಂಭವಾಯಿತು. ಅದೇ ಹೊತ್ತಿಗೆ ಮೈದಾನದಲ್ಲಿ ಅವ್ವ ಹಿಮ್ಮಡಿ ಊರಿ ಒಂದು ಹೂಂಕಾರ ಹಾಕಿದರು. ಅತ್ತೆಯ ತಂಡದ ಎಂಟೂ ಜನ ಒಟ್ಟಿಗೆ ಈ ಕಡೆ ಬಂದು ಬಿದ್ದರು.

ಹರದನಹಳ್ಳಿ ಗೆದ್ದಿತು. ಕೊಪ್ಪರಿಗೆಯ ಮೇಲೆ ಭೀಮನಬೀಡು ಎಂದು ಬಂದಿತು. ಕೆತ್ತನೆಯಲ್ಲಿ ಒಂದು ಚೂರೂ ತಪ್ಪಿರಲಿಲ್ಲ.

"ಗೆದ್ದೋರು ನೀವು, ಹೆಸ್ರು ನಮ್ದು," ಎಂದರು ಅತ್ತೆ, ಮಣ್ಣು ಕೊಡವಿಕೊಳ್ಳುತ್ತ. "ಕೊಪ್ರಿಗೆ ಯಾರ್ದು?"

ವ್ಯವಸ್ಥಾಪಕರು ಎರಡೂ ಅರ್ಜಿಗಳನ್ನು ತರಿಸಿ ಪರಿಶೀಲಿಸಿದರು. "ಎರಡರಲ್ಲೂ ಭೀಮನಬೀಡು ಅಂತ್ಲೇ ಇದೆ. ಒಂದೇ ಊರಿನವರು ನೀವು, ನಿಮ್ಮಲ್ಲೇ ಹೊಂದಾಣಿಕೆ ಮಾಡ್ಕೊಳ್ಳಿ," ಎಂದು ತೀರ್ಪಿತ್ತು, ಅತಿಥಿಗಳ ಹಿಂದೆ ಹೊರಟುಹೋದರು. ಅವ್ವ ಮಾತಿಗೆ ನಿಲ್ಲಲಿಲ್ಲ. ಕೊಪ್ಪರಿಗೆಯನ್ನು ಎಂಟು ಜನ ಎತ್ತಿ ಟೆಂಪೋಗೆ ಹಾಕಿದರು.

ಊರಿನಲ್ಲಿ ಟೆಂಪೋ ನಿಂತಾಗ ಹಿರಿಯರಾದ ಗುರುಸಿದ್ದಪ್ಪನವರು ಬಂದರು. ಸುತ್ತಲೂ ಒಂದು ಸುತ್ತು ಬಂದು, ಕನ್ನಡಕ ಹಾಕಿಕೊಂಡು, ಹೆಸರು ಓದಿದರು.

"ಚೆನ್ನಾಗದೆ ಕಣವ್ವಾ. ಯಾವಾಗ ವಾಪಸ್ ಕೊಡ್ಬೇಕು?"

"ಗೆದ್ದದ್ದು ಕಣಯ್ಯಾ!" ಎಂದರು ಸಿದ್ದಮ್ಮ.

"ಗೆದ್ದಿದ್ರೆ ನಮ್ಮೂರ ಹೆಸ್ರು ಇರ್ತಿತ್ತಲ್ಲ?"

ಮುಂದಿನ ವಾರ ನಾಮಕರಣವೊಂದರಲ್ಲಿ ಅದರಲ್ಲಿಯೇ ಅನ್ನ ಮಾಡಿದರು. ಬಂದ ನೆಂಟರೆಲ್ಲ ಓದಿದರು. "ಅಷ್ಟು ದೂರದಿಂದ ಎರವಲು ತಂದ್ರಾ, ಪಾಪ," ಎಂದು ಮರುಕಪಟ್ಟರು. ಮೊದಲು ಪಕ್ಕದೂರಿನ ಎರವಲು. ಈಗ ಪಕ್ಕದ ತಾಲ್ಲೂಕಿನ ಎರವಲು. ಎರಡು ವರ್ಷ ಮರ ಎಳೆದು ಅವ್ವ ಸಂಪಾದಿಸಿದ್ದು ಇದನ್ನೇ? ಸೊಪ್ಪಿನ ಚೀಲ ನನ್ನ ಸೀಟಿನಲ್ಲಿ ಕುಳಿತದ್ದು ಆ ನಾಮಕರಣದ ನಂತರದ ಭಾನುವಾರ.

ಅವ್ವ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದು ಊಟಕ್ಕೆ ಬಡಿಸುವಾಗ, "ತಾವು ಯಾವೂರ್ನವ್ರು ಸ್ವಾಮಿ?" ಎಂದು ಕೇಳಿದರು. ಅಷ್ಟೇ.

ಮರುದಿನವೇ ರಜೆ ಚೀಟಿ ಬರೆದಿಟ್ಟು, ಅವ್ವ, ಸಿದ್ದಮ್ಮ ಹಾಗೂ ಕೊಪ್ಪರಿಗೆಯನ್ನು ಗುಂಡ್ಲುಪೇಟೆಯಲ್ಲಿರುವ ಆಚಾರಿಯವರ ಅಂಗಡಿಗೆ ಕರೆದುಕೊಂಡು ಹೋದೆ.

ಆಚಾರಿಯವರು ಬೆರಳಿನಿಂದ ತಟ್ಟಿ ನೋಡಿದರು. "ಕೊರ್ದದ್ದ ಅಳ್ಸಕಾಗಲ್ಲ ತಾಯಿ. ಬಡುದ್ರೆ ತಾಮ್ರ ತೆಳ್ಳಗಾಗಿ ತೂತು ಬೀಳ್ತದೆ. ಬೇಕಾದ್ರೆ ಪಕ್ಕದಲ್ಲಿ ಸೇರುಸ್ಬೋದು."

ಏನು ಸೇರಿಸುವುದು? ‘ಹರದನಹಳ್ಳಿ’ ಎಂದಷ್ಟೇ ಸೇರಿಸಿದರೆ ಎರಡು ಊರಿನ ಜಂಟಿ ಆಸ್ತಿಯಾಗುತ್ತದೆ. ನಾನು ಹಿಂದಿನ ದಿನವೇ ಕರಡು ಸಿದ್ಧಪಡಿಸಿಕೊಂಡು ಬಂದಿದ್ದೆ. ಜೇಬಿನಿಂದ ತೆಗೆದು ಓದಿದೆ: "ಭೀಮನಬೀಡು (ಅರ್ಜಿಯ ಪ್ರಕಾರ), ಹರದನಹಳ್ಳಿ (ವಾಸ್ತವವಾಗಿ)."

ಆಚಾರಿಯವರು ಉಳಿಯನ್ನು ಕೆಳಗಿಟ್ಟರು.

"ನೀನು ಸುಮ್ಕಿರು ಮಾದೇಸ, ನೀನು ಬರ್ದದ್ದು ಸಾಕು," ಎಂದರು ಸಿದ್ದಮ್ಮ. "ಆಚಾರ್ರೇ, ಭೀಮನಬೀಡು ಅಂತ ಅದೆಯಲ್ಲ, ಅದರ ಮುಂದುಕ್ಕೆ ‘ಸೋತಿತು’ ಅಂತ ಹಾಕಿ. ಆಮೇಲೆ ‘ಹರದನಹಳ್ಳಿ ಗೆದ್ದಿತು’. ಮುಗೀತು."

ಎಂಟು ವರ್ಷ ಪತ್ರ ಬರೆದ ನನಗೆ ಹೊಳೆಯದ ವಾಕ್ಯ! ಅಳಿಸುವ ಗೊಡವೆಯೇ ಇಲ್ಲ. ಸೋತ ಊರಿನವರು ತಾವು ಸೋತೆವೆಂದು ತಮ್ಮ ಪಾತ್ರೆಯ ಮೇಲೆ ಕೊರೆಸಿಕೊಳ್ಳುತ್ತಾರೆಯೇ? ಆದ್ದರಿಂದ ಅದು ಅವರದಲ್ಲ ಎಂಬುದು ತಾನಾಗಿಯೇ ಸಿದ್ಧವಾಗುತ್ತದೆ. ಆಚಾರಿಯವರೂ ಒಪ್ಪಿ ಉಳಿ ಎತ್ತಿಕೊಂಡರು.

"ತಡೀರಿ," ಎಂದರು ಅವ್ವ.

ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. "ಕೊಪ್ರಿಗೆ ನಮ್ಮೂರದಾಗ್ಬೇಕು, ದಿಟ. ಆದ್ರೆ ತವ್ರು ಸೋತದ್ದ ತಾಮ್ರುದ್ ಮ್ಯಾಲೆ ನಾನೇ ಕೊರುಸ್ಲಾ? ನಾನು ಸತ್ತ ಮ್ಯಾಲೂ ಇರ್ತದಲ್ಲ ಅದು."

ಕೊಪ್ಪರಿಗೆಯನ್ನು ಅಂಗಡಿಯಲ್ಲಿ ಬಿಟ್ಟು ಮೂವರೂ ಆಟೋದಲ್ಲಿ ಭೀಮನಬೀಡಿಗೆ ಹೊರಟೆವು.

ಅತ್ತೆ ಅಂಗಳದಲ್ಲಿ ಅರಿಸಿನ ಹರವುತ್ತಿದ್ದರು. ಅವ್ವ ನಿಂತುಕೊಂಡೇ ವಿಷಯ ಹೇಳಿದರು. ಅತ್ತೆ ಕೈ ನಿಲ್ಲಿಸದೆಯೇ ಕೇಳಿಸಿಕೊಂಡರು.

"ಸೋತದ್ದು ದಿಟ ಅಲ್ವಾ? ಬರ್ಸು."

"ಊರ್ನೋರು ನಿನ್ನ ಬೈಯಕಿಲ್ವಾ ಅತ್ತಿಗೆ?"

"ಬೈತರೆ. ಅದ್ಕೇ ‘ಒಂದು ಸಲ’ ಅಂತ ಸೇರ್ಸು. ‘ಭೀಮನಬೀಡು ಒಂದು ಸಲ ಸೋತಿತು.’ ಹಂಗಿದ್ರೆ ನಂಗೆ ಒಪ್ಗೆ."

"ಹಂಗ್ ಬರ್ಸುದ್ರೆ ನಾವು ಗೆದ್ದದ್ದೂ ಒಂದೇ ಸಲ ಅಂದಂಗಾಯ್ತದಲ್ಲ?"

"ಎಷ್ಟು ಸಲ ಗೆದ್ದಿದ್ದೀಯೆ?"

"ಒಂದ್ಸಲ."

"ಮತ್ತಿನ್ನೇನು? ಕೂತ್ಕೊ, ಕಾಫಿ ಕಾಯಿಸ್ತೀನಿ."

ಇಷ್ಟು ಚಿಕ್ಕ ಅವಧಿಯಲ್ಲಿ ಎರಡು ತಾಲ್ಲೂಕುಗಳ ನಡುವಿನ ಒಪ್ಪಂದವೊಂದು ಲಿಖಿತ ನಡಾವಳಿ ಇಲ್ಲದೆ ಮುಗಿದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆಯ ಒಳಗೆ ಕೊಪ್ಪರಿಗೆಯ ಹೊಟ್ಟೆಯ ಅರ್ಧ ಸುತ್ತಿಗೆ ಒಂದೇ ಸಾಲಿನಲ್ಲಿ ಕೆತ್ತನೆ ಮುಗಿಯಿತು. ‘ಭೀಮನಬೀಡು ಒಂದು ಸಲ ಸೋತಿತು ಹರದನಹಳ್ಳಿ ಗೆದ್ದಿತು.’ ಊರಿಗೆ ತಂದಾಗ ಗುರುಸಿದ್ದಪ್ಪನವರು ಮತ್ತೆ ಕನ್ನಡಕ ಹಾಕಿಕೊಂಡು, ಮತ್ತೆ ಒಂದು ಸುತ್ತು ಬಂದು, ಎಲ್ಲವನ್ನೂ ಓದಿದರು.

"ಹೂಂ," ಎಂದರು. "ಇದು ನಮ್ದೇ."

ಅವ್ವ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಆ ರಾತ್ರಿ ಊಟಕ್ಕೆ ನನ್ನನ್ನು ಹೆಸರು ಹಿಡಿದು ಕರೆದರು.

ಇಲ್ಲಿಗೆ ವಿವರಣೆ ಮುಗಿಯಬೇಕಿತ್ತು. ಆದರೆ ಕಳೆದ ವಾರ ಅತ್ತೆಯ ಮಗನ ಮದುವೆ ಭೀಮನಬೀಡಿನಲ್ಲಿ ನಡೆಯಿತು. ‘ನಮ್ಮೂರಿನ ಕೊಪ್ಪರಿಗೆ ಸಾಲದು, ನಿಮ್ಮದನ್ನು ಕಳಿಸಿ’ ಎಂದು ಅತ್ತೆ ಹೇಳಿ ಕಳಿಸಿದ್ದರು. ಎರವಲು ಕೇಳಿಕೊಂಡು ನಮ್ಮ ಬಳಿಗೆ ಬಂದ ಮೊದಲ ಕೋರಿಕೆ! ಅವ್ವ ಹುಣಸೆಹಣ್ಣು ಹಾಕಿ ತಾವೇ ತಿಕ್ಕಿ, ಫಳಫಳ ಹೊಳೆಸಿ, ಹಿಂದಿನ ದಿನವೇ ಕಳಿಸಿದ್ದರು.

ಮದುವೆಯ ಬೆಳಿಗ್ಗೆ ನಾವು ಹೋಗಿ ನೋಡುತ್ತೇವೆ, ಕೊಪ್ಪರಿಗೆ ಒಲೆಯ ಮೇಲೆ ಕುಳಿತಿದೆ. ಆದರೆ ಬರಹದ ಭಾಗ ಗೋಡೆಯ ಕಡೆಗಿದೆ. ಚಪ್ಪರದಲ್ಲಿ ಕುಳಿತವರಿಗೆ ಕಾಣುವುದು ಬರೀ ತಾಮ್ರ.

ಅವ್ವ ಇಬ್ಬರು ಗಂಡಸರನ್ನು ಕರೆದು ಅದನ್ನು ಚಪ್ಪರದ ಕಡೆ ತಿರುಗಿಸಿದರು. ಹೂವು ತರಲು ಹೋಗಿದ್ದ ಅತ್ತೆ ಬಂದು ನೋಡಿದರು. ಅದೇ ಇಬ್ಬರನ್ನು ಕರೆದು ಗೋಡೆಯ ಕಡೆ ತಿರುಗಿಸಿದರು. ಅವ್ವ ಮತ್ತೆ ಈ ಕಡೆ. ಅತ್ತೆ ಮತ್ತೆ ಆ ಕಡೆ. ಮದುವೆ ಮನೆ, ಇಬ್ಬರೂ ನಗುತ್ತಲೇ ಇದ್ದರು.

"ನೀರು ಹುಯ್ಯದೋ ಬ್ಯಾಡ್ವೋ ಯೋಳ್ಬುಡಿ," ಎಂದರು ಅಡುಗೆಯವರು, ಬಿಂದಿಗೆ ಹಿಡಿದು ನಿಂತು ನಿಂತು ಸಾಕಾಗಿ. ಕೊನೆಗೆ ತಾವೇ ಬಿಂದಿಗೆ ಇಳಿಸಿ, ಕೊಪ್ಪರಿಗೆಯ ಬಳೆ ಹಿಡಿದು, ಅರ್ಧಕ್ಕೆ ತಿರುಗಿಸಿ ನಿಲ್ಲಿಸಿ, ಒಲೆ ಹಚ್ಚಿಯೇಬಿಟ್ಟರು. ಇನ್ನು ಯಾರೂ ಮುಟ್ಟುವಂತಿರಲಿಲ್ಲ.

ಈಗ ಚಪ್ಪರದ ಕಡೆಗೆ ಒಂದೇ ಒಂದು ಪದ ಕಾಣುತ್ತಿತ್ತು. ‘ಗೆದ್ದಿತು.’

ಅವ್ವ ಅದನ್ನು ನೋಡಿ ತಲೆಯಾಡಿಸಿದರು. ಅತ್ತೆಯೂ ನೋಡಿ ತಲೆಯಾಡಿಸಿದರು. ಊಟದ ಹೊತ್ತಿಗೆ ಎರಡೂ ಊರಿನವರು ಒಂದೇ ಪಂಕ್ತಿಯಲ್ಲಿ ಕುಳಿತು, ಆ ಪದವನ್ನು ನೋಡಿಕೊಂಡೇ ಎರಡೆರಡು ಸಲ ಅನ್ನ ಹಾಕಿಸಿಕೊಂಡರು.

ಯಾವ ಊರು ಎಂದು ಅಂದು ಯಾರಾದರೂ ಕೇಳಿದರೇ, ಮಾನ್ಯರೇ?